ಚಿಲ್ಟರ್ನ್ ಗುಡ್ಡದ ಮೇಲೆ ಕಾಶಿ ರಾಜನ ಬಾವಿ

ಸುತ್ತೋಣ ಬನ್ನಿ – ತಿಂಗಳ ಅಂಕಣ



ಈ ಸಲದ ಸುತ್ತಾಟದಲ್ಲಿ ಅರಮನೆ ಇಲ್ಲ, ಕೋಟೆ ಇಲ್ಲ, ಟಿಕೆಟ್ಟಿಗಾಗಿ ನಿಲ್ಲುವ ಸಾಲೂ ಇಲ್ಲ. ಇರುವುದು ಒಂದು ಬಾವಿ. ‘ಬಾವಿ ನೋಡೋಕೆ ಅಷ್ಟು ದೂರ ಹೋಗಬೇಕಾ?’ ಅಂತ ಕೇಳುವವರು ಸ್ವಲ್ಪ ತಾಳಿ. ಆಕ್ಸ್‌ಫರ್ಡ್‌ಶೈರ್‌ನ ಒಂದು ಸಣ್ಣ ಹಳ್ಳಿಯ ನಡುವೆ, ರಸ್ತೆಯ ಪಕ್ಕದಲ್ಲೇ, ಬೀಚ್ ಮರಗಳೂ ಕೆಂಪು ಇಟ್ಟಿಗೆಯ ಮನೆಗಳೂ ಇರುವ ಕಡೆ, ನಮ್ಮ ಕಡೆಯ ಗುಮ್ಮಟದಂಥ ಗುಮ್ಮಟ ಹೊತ್ತ ಮಂಟಪವೊಂದು ನಿಂತಿದೆ. ಅದರೊಳಗೆ ನೀರು ಸೇದುವ ಯಂತ್ರ. ಯಂತ್ರದ ನೆತ್ತಿಯ ಮೇಲೆ ಚಿನ್ನದ ಬಣ್ಣದ ಆನೆ. ಮಂಟಪದ ಮೇಲಿನ ಬರಹ ಹೇಳುವಂತೆ ಈ ಬಾವಿಯನ್ನು ಕೊಟ್ಟವರು ಭಾರತದ ಬನಾರಸಿನ, ಅಂದರೆ ನಮ್ಮ ಕಾಶಿಯ, ಮಹಾರಾಜರು.

ಹಳ್ಳಿಯ ಹೆಸರು ಸ್ಟೋಕ್ ರೋ. ಹೆನ್ಲಿ-ಆನ್-ಥೇಮ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 5 ಮೈಲಿ, ರೆಡಿಂಗ್‌ನಿಂದ ಉತ್ತರಕ್ಕೆ ಸುಮಾರು 9 ಮೈಲಿ. 2011ರ ಜನಗಣತಿಯಲ್ಲಿ ಇಲ್ಲಿದ್ದವರು 651 ಮಂದಿ. ನಮ್ಮ ಕನ್ನಡ ಶಾಲೆಯ ಯುಗಾದಿ ಕಾರ್ಯಕ್ರಮಕ್ಕೆ ಊರಿನವರೆಲ್ಲ ಬಂದರೂ ಒಂದು ಸಭಾಂಗಣದಲ್ಲಿ ಹಿಡಿಸಬಹುದು, ಊಟದ ಸಾಲು ಮಾತ್ರ ಸ್ವಲ್ಪ ಉದ್ದವಾದೀತು.

ಇಷ್ಟು ಚಿಕ್ಕ ಊರಿಗೆ ಅಷ್ಟು ದೂರದ ರಾಜ ಯಾಕೆ ಬಾವಿ ಕಟ್ಟಿಸಿಕೊಟ್ಟ? ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ವರ್ಷವಿಡೀ ಮಳೆ ಜಿನುಗುವ ಇಂಗ್ಲೆಂಡಿನಲ್ಲಿ ಒಂದು ಊರಿಗೆ ಕುಡಿಯುವ ನೀರಿಲ್ಲದೆ ಹೋದದ್ದು ಹೇಗೆ?

ಉತ್ತರ ಕಾಲ ಕೆಳಗಿದೆ. ಚಿಲ್ಟರ್ನ್ ಗುಡ್ಡಗಳು ಸೀಮೆಸುಣ್ಣದ ಗುಡ್ಡಗಳು. ಹೌದು ಮಕ್ಕಳೇ, ಕರಿಹಲಗೆಯ ಮೇಲೆ ಬರೆಯುವ ಚಾಕ್ ಇದೆಯಲ್ಲ, ಆ ಜಾತಿಯ ಮೆತ್ತನೆಯ ಬಿಳಿ ಕಲ್ಲು, ನೂರಾರು ಅಡಿ ದಪ್ಪಕ್ಕೆ. ಅದರ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಹರಿಯುವುದೂ ಇಲ್ಲ. ಜರಡಿಗೆ ಸುರಿದಂತೆ ನೇರವಾಗಿ ಕೆಳಗಿಳಿದು ಆಳದಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಗುಡ್ಡದ ಬುಡದಲ್ಲಿ ಥೇಮ್ಸ್ ನದಿ ತುಂಬಿ ಹರಿಯುತ್ತಿದ್ದರೂ ಗುಡ್ಡದ ಮೇಲೆ ಹೊಳೆಯೂ ಇಲ್ಲ, ಹಳ್ಳವೂ ಇಲ್ಲ. ಈ ಸುಣ್ಣಕಲ್ಲಿನ ತಲೆಯ ಮೇಲೆ ಅಲ್ಲಲ್ಲಿ ಚಕಮಕಿ ಕಲ್ಲು ಬೆರೆತ ಜೇಡಿಮಣ್ಣಿನ ಪದರವಿದೆ. ಜೇಡಿಮಣ್ಣು ನೀರನ್ನು ಹಿಡಿದಿಡುತ್ತದೆ. ಹಾಗಾಗಿ ಊರಿನವರಿಗೆ ಸಿಗುತ್ತಿದ್ದದ್ದು ಇಟ್ಟಿಗೆಗೆಂದು ಮಣ್ಣು ಅಗೆದ ಗುಂಡಿಗಳಲ್ಲೂ ಹೊಂಡಗಳಲ್ಲೂ ನಿಂತ ಕಂದು ನೀರು. ದನ ಕುಡಿಯುವುದೂ ಅದನ್ನೇ, ಮನುಷ್ಯರು ಕುಡಿಯುವುದೂ ಅದನ್ನೇ.

ಬೇಸಿಗೆಯಲ್ಲಿ ಮಳೆ ಕೈಕೊಟ್ಟರೆ ಆ ಕಂದು ನೀರೂ ಇಲ್ಲ. ದೂರದಿಂದ ಹೊತ್ತು ತರಬೇಕು. ಬಟ್ಟೆ ಒಗೆಯುವ ದಿನವನ್ನು ಮುಂದೂಡಬೇಕು. ಒಂದು ಮನೆಯಲ್ಲಿ ಅಡುಗೆಗೆ ಬಳಸಿದ ನೀರನ್ನು ಚೆಲ್ಲದೆ ಪಕ್ಕದ ಮನೆಗೆ ದಾಟಿಸುತ್ತಿದ್ದರಂತೆ. ಬರಗಾಲದ ಊರುಗಳಲ್ಲಿ ಅಕ್ಕಿ ತೊಳೆದ ನೀರನ್ನೂ ಎತ್ತಿಡುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಥೆಯೊಳಗೆ ಒಬ್ಬ ಮನುಷ್ಯ ಬರುತ್ತಾನೆ. ಎಡ್ವರ್ಡ್ ಆಂಡರ್ಡನ್ ರೀಡ್. ಸ್ಟೋಕ್ ರೋ ಪಕ್ಕದ ಇಪ್ಸ್‌ಡನ್ ಎಂಬ ಊರಿನ ಜಮೀನುದಾರರ ಮನೆಯ ಮಗ, 1807ರಲ್ಲಿ ಹುಟ್ಟಿದವನು. (ಅವನ ತಮ್ಮ ಚಾರ್ಲ್ಸ್ ರೀಡ್ ಮುಂದೆ ಹೆಸರಾಂತ ಕಾದಂಬರಿಕಾರನಾದ. ಡಿಕನ್ಸ್ ಕಾಲದವನು. ಈಗ ಓದುವವರು ಕಡಿಮೆ.) ಎಡ್ವರ್ಡ್ 1826ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗ, ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಭಾರತಕ್ಕೆ ಹೋದ. ಮೂವತ್ತನಾಲ್ಕು ವರ್ಷ ಉತ್ತರ ಭಾರತದಲ್ಲೇ ಇದ್ದು 1860ರಲ್ಲಿ ನಿವೃತ್ತನಾಗಿ ಮರಳಿದ. ಅಲ್ಲಿ ಅಜಂಗಢದಲ್ಲಿದ್ದಾಗ, 1831ರಲ್ಲಿ, ಅವನು ಒಂದು ಬಾವಿ ತೋಡಿಸಿದ್ದ. ಭಾರತ ಬಿಡುವಾಗ ಅದನ್ನು ಅಲ್ಲಿನ ಜನರಿಗೇ ಬಿಟ್ಟುಕೊಟ್ಟು ಬಂದ.

ಕೆಲಸದ ನಿಮಿತ್ತ ಅವನಿಗೆ ಬನಾರಸಿನ ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ ಸಿಂಗ್ ಅವರ ಗೆಳೆತನವಾಯಿತು. ಮಹಾರಾಜರು 1835ರಲ್ಲಿ ಪಟ್ಟಕ್ಕೆ ಬಂದು 1889ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಐವತ್ತಕ್ಕೂ ಹೆಚ್ಚು ವರ್ಷ, ಆ ಗಾದಿಯಲ್ಲಿದ್ದವರು. ಇಬ್ಬರೂ ಮಾತಾಡುತ್ತ ಕೂತಾಗ ರೀಡ್ ತನ್ನ ಊರ ಕಡೆಯ ಒಂದು ಸಂಗತಿ ಹೇಳಿದನಂತೆ. ಒಂದು ಒಣ ಬೇಸಿಗೆಯಲ್ಲಿ ಒಬ್ಬ ಚಿಕ್ಕ ಹುಡುಗನನ್ನು ಅವನ ತಾಯಿ ಹೊಡೆಯುತ್ತಿದ್ದಳು. ಹುಡುಗ ಮಾಡಿದ ತಪ್ಪು ಏನು? ಮನೆಯಲ್ಲಿ ಉಳಿದಿದ್ದ ಕೊನೆಯ ನೀರನ್ನು ಕುಡಿದುಬಿಟ್ಟಿದ್ದ.

ಮಕ್ಕಳೇ, ಆ ತಾಯಿಯ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವಳಿಗೂ ಬಾಯಾರಿತ್ತು ಅನ್ನಿಸುತ್ತದೆ, ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳು ಇದ್ದಿರಬಹುದು. ಆ ಹುಡುಗನ ಹೆಸರು ಯಾವ ದಾಖಲೆಯಲ್ಲೂ ನನಗೆ ಸಿಕ್ಕಿಲ್ಲ. ಆದರೆ ಅವನ ಬಾಯಾರಿಕೆಯ ಸುದ್ದಿ ನಾಲ್ಕು ಸಾವಿರ ಮೈಲಿ ದಾಟಿ, ಗಂಗೆಯ ದಡದ ಒಂದು ಅರಮನೆಯನ್ನು ಮುಟ್ಟಿತು. ರೀಡ್ ಊರಿಗೆ ಮರಳಿದ ಮೇಲೆ ಮಹಾರಾಜರಿಗೆ ಇಂಗ್ಲೆಂಡಿನಲ್ಲಿ ಏನಾದರೊಂದು ದಾನ ಮಾಡಬೇಕೆನಿಸಿತು. ಅಜಂಗಢದ ಬಾವಿಯೂ ನೆನಪಾಯಿತು, ಈ ಹುಡುಗನೂ ನೆನಪಾದ. ರೀಡ್‌ನ ಊರ ಕಡೆಯವರಿಗೆ ಒಂದು ಬಾವಿ ಎಂದು ತೀರ್ಮಾನವಾಯಿತು.

ನಮ್ಮಲ್ಲಿ ಇದು ಹೊಸದಲ್ಲ. ಕೆರೆ ಕಟ್ಟಿಸಿದವರ, ಬಾವಿ ತೋಡಿಸಿದವರ ಹೆಸರು ಹೊತ್ತ ಶಾಸನಗಳು ಕರ್ನಾಟಕದ ಊರೂರಿನಲ್ಲಿವೆ. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಜಾಗಕ್ಕೆ ‘ಅರವಟ್ಟಿಗೆ’ ಎಂಬ ಚೆಂದದ ಮಾತೇ ಇದೆ. (ಹಿರಿಯ ತರಗತಿಯ ಮಕ್ಕಳು ಈ ಪದವನ್ನು ಬರೆದಿಟ್ಟುಕೊಳ್ಳಿ.) ನೀರಿನ ದಾನಕ್ಕೆ ದೊಡ್ಡ ಪುಣ್ಯ ಎಂದು ನಂಬಿದ ನಾಡಿನ ರಾಜನಿಗೆ ಬಾವಿ ಹೊಳೆದದ್ದು ಸಹಜ. ಸಹಜವಲ್ಲದ್ದು ದಾನ ಹೋದ ದಿಕ್ಕು.

1863ರ ಮಾರ್ಚ್ 10ರಂದು ಮೊದಲ ಗುದ್ದಲಿ ಬಿತ್ತು. ಅಂದು ವಿಕ್ಟೋರಿಯಾ ರಾಣಿಯ ಹಿರಿಯ ಮಗ ಎಡ್ವರ್ಡ್‌ನ ಮದುವೆ. ಆ ದಿನವನ್ನು ಬೇಕೆಂದೇ ಆರಿಸಿದ್ದು. ಕೆಲಸ ವಹಿಸಿಕೊಂಡವರು ಹತ್ತಿರದ ವಾಲಿಂಗ್‌ಫರ್ಡ್ ಪಟ್ಟಣದ ವೈಲ್ಡರ್ ಎಂಬ ಕಾರ್ಖಾನೆಯವರು. ಉಸ್ತುವಾರಿ ರೀಡ್‌ನದು. ಬಾವಿಯ ಬಾಯಿ ಕೇವಲ 4 ಅಡಿ ಅಗಲ. ನಿಮ್ಮ ಅಪ್ಪ ಎರಡೂ ಕೈ ಚಾಚಿದರೆ ಗೋಡೆಗೆ ತಾಗುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಒಬ್ಬ ಆಳು ಕತ್ತಲಲ್ಲಿ ಕೂತು, ಕೈಯಿಂದಲೇ ಅಗೆದು ಅಗೆದು, ಮಣ್ಣನ್ನು ಮೇಲೆ ಕಳಿಸಬೇಕು. ಮೊದಲು ಜೇಡಿಮಣ್ಣು, ಗರಸು. ಆಮೇಲೆ ಸೀಮೆಸುಣ್ಣ, ನಡುನಡುವೆ ಮರಳಿನ ಪದರ. ಸುಣ್ಣಕಲ್ಲು ಗೋಡೆಯ ಹಾಗೆ ನಿಲ್ಲುತ್ತದೆ, ಆದರೆ ಮರಳು ನಂಬಿಕೆಗೆ ಅರ್ಹವಲ್ಲ, ಯಾವಾಗ ಜಾರಿ ತಲೆಯ ಮೇಲೆ ಬೀಳುತ್ತದೋ ಹೇಳಲಾಗದು. ಮತ್ತೆ ಸೀಮೆಸುಣ್ಣ. ಇನ್ನೂ ಸೀಮೆಸುಣ್ಣ.

ನೀರು ಸಿಕ್ಕಿದ್ದು 368 ಅಡಿ ಆಳದಲ್ಲಿ.

ಈ ಸಂಖ್ಯೆಯನ್ನು ಸುಮ್ಮನೆ ಓದಿ ಮುಂದೆ ಹೋಗಬೇಡಿ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ನೋಡಿದ್ದೀರಲ್ಲ, ಅದರ ತುದಿಯ ಶಿಲುಬೆಯವರೆಗಿನ ಎತ್ತರ 365 ಅಡಿ. ಅದನ್ನು ತಲೆಕೆಳಗು ಮಾಡಿ ಈ ಬಾವಿಗೆ ಇಳಿಸಿದರೆ ಪೂರ್ತಿ ಮುಳುಗಿ ಇನ್ನೂ ಮೂರು ಅಡಿ ಉಳಿಯುತ್ತದೆ! ದೆಹಲಿಯ ಕುತುಬ್ ಮಿನಾರ್ 73 ಮೀಟರ್. ಬಾವಿ 112 ಮೀಟರ್, ಅಂದರೆ ಒಂದೂವರೆ ಕುತುಬ್ ಮಿನಾರ್. ಹತ್ತನೇ ಇಯತ್ತೆಯ ಮಕ್ಕಳಿಗೆ ಇನ್ನೊಂದು ಲೆಕ್ಕ: ಬಾವಿಯ ಬಾಯಿಂದ ಒಂದು ಕಲ್ಲು ಜಾರಿದರೆ ತಳ ಮುಟ್ಟಲು ಎಷ್ಟು ಸೆಕೆಂಡು? ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಸುಮಾರು 4.8. ‘ಡುಬುಕ್’ ಎಂಬ ಸದ್ದು ಮೇಲೆ ಬರಲು ಇನ್ನೂ ಮೂರನೇ ಒಂದು ಸೆಕೆಂಡು. ಇದು ಕಾಗದದ ಮೇಲೆ ಮಾಡುವ ಲೆಕ್ಕ, ದಯವಿಟ್ಟು ಅಲ್ಲಿ ಹೋಗಿ ಕಲ್ಲು ಹುಡುಕಬೇಡಿ.

ಬಾವಿ ತೋಡಲು ಆದ ಖರ್ಚು 353 ಪೌಂಡ್ 13 ಷಿಲಿಂಗ್ 7 ಪೆನ್ಸ್. ಯಂತ್ರ, ಮನೆ, ತೋಟ ಇವುಗಳ ಲೆಕ್ಕ ಬೇರೆ. ಆಗ 12 ಪೆನ್ಸ್‌ಗೆ ಒಂದು ಷಿಲಿಂಗ್, 20 ಷಿಲಿಂಗ್‌ಗೆ ಒಂದು ಪೌಂಡ್. ನಮ್ಮಲ್ಲೂ ಆಗ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಎರಡೂ ದೇಶದ ಮಕ್ಕಳು ಗಣಿತದ ಮೇಷ್ಟರಿಂದ ಎಷ್ಟು ಪೆಟ್ಟು ತಿಂದಿರಬಹುದು ಯೋಚಿಸಿ. ಆ ಕಾಲದಲ್ಲಿ ಒಂದು ಪೌಂಡಿಗೆ ಸುಮಾರು ಹತ್ತು ರೂಪಾಯಿ. ಅಂದರೆ ಬಾವಿಯ ಬೆಲೆ ಹೆಚ್ಚುಕಡಿಮೆ ಮೂರೂವರೆ ಸಾವಿರ ರೂಪಾಯಿ.

1864ರ ಮೇ 24, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ, ಬಾವಿಯನ್ನು ಊರಿಗೆ ಒಪ್ಪಿಸಿದರು. ನೀರು ಎಂದೆಂದಿಗೂ ಉಚಿತ ಎಂಬ ಷರತ್ತಿನ ಮೇಲೆ.

ಉಚಿತ ಎಂದು ಬರೆಯುವುದು ಸುಲಭ. ಹಗ್ಗ ಸವೆದರೆ ಯಾರು ಕೊಳ್ಳಬೇಕು? ಗೇರಿಗೆ ಎಣ್ಣೆ ಯಾರು ಹಾಕಬೇಕು? ಈ ಬಾವಿಯ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದಕ್ಕೆ ಮಾಡಿದ ಏರ್ಪಾಡು. ಬಾವಿಯ ಪಕ್ಕದಲ್ಲೇ ನಾಲ್ಕು ಎಕರೆಗೂ ಸ್ವಲ್ಪ ಹೆಚ್ಚು ಜಾಗ ಕೊಂಡು ಚೆರ್‍ರಿ ತೋಟ ಹಾಕಿದರು. ಹಣ್ಣು ಮಾರಿದ ದುಡ್ಡಿನಿಂದ ಬಾವಿಯ ಖರ್ಚು ನಡೆಯಬೇಕು. ನೋಡಿಕೊಳ್ಳಲು ಒಬ್ಬ ಕಾವಲುಗಾರ, ಅವನಿಗೆ ಬಾಡಿಗೆಯಿಲ್ಲದ ಒಂದು ಪುಟ್ಟ ಎಂಟು ಮೂಲೆಯ ಮನೆ. ಅದನ್ನು ಇಂದಿಗೂ ಬಾವಿಯ ಪಕ್ಕ ನೋಡಬಹುದು. ದೇವಸ್ಥಾನ ಕಟ್ಟಿಸಿದವರು ದೀಪದ ಎಣ್ಣೆಗೆಂದು ಗದ್ದೆ ಬಿಟ್ಟುಕೊಡುತ್ತಿದ್ದರಲ್ಲ, ಅದೇ ಜಾಣತನ. ಕಟ್ಟಿಸಿ ಫೋಟೋ ತೆಗೆಸಿಕೊಂಡು ಹೋಗುವವರಿಗೆ ಇದು ತಿಳಿಯುವುದಿಲ್ಲ.

ಆ ತೋಟಕ್ಕೆ ಇಟ್ಟ ಹೆಸರು ‘ಈಶ್ರೀ ಬಾಗ್’. ಇಂಗ್ಲಿಷ್ ಸ್ನೇಹಿತರಿಗೆ ಅದು ಬರೀ ವಿಚಿತ್ರ ಶಬ್ದ. ಆದರೆ ಬೆಂಗಳೂರಿನ ಲಾಲ್‌ಬಾಗ್ ನೋಡಿದ ಮಗುವಿಗೆ ಬಾಗ್ ಎಂದರೆ ತೋಟ ಎಂದು ಯಾರೂ ಹೇಳಿಕೊಡಬೇಕಿಲ್ಲ. ಈಶ್ರೀ ಎಂದರೆ ಮಹಾರಾಜರ ಹೆಸರಿನ ಈಶ್ವರಿ. ತೋಟದೊಳಗೆ ಮೀನಿನ ಆಕಾರದಲ್ಲಿ ತೋಡಿದ ಒಂದು ಕೊಳವಿದೆ. ಅದರ ಹೆಸರು ‘ಮತ್ಯ ಪೋಖ್ರಾ’. ಮತ್ಯ ಅಂದರೆ ಮತ್ಸ್ಯ, ಮೀನು. ಪೋಖ್ರಾ? ಹಂಪಿಯ ಪುಷ್ಕರಣಿಯ ಮೆಟ್ಟಿಲುಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡವರು ಊಹಿಸಿ. ಸಂಸ್ಕೃತದ ‘ಪುಷ್ಕರ’ವೇ ಉತ್ತರದ ಬಾಯಲ್ಲಿ ಸವೆದು ‘ಪೋಖರ’ ಆಯಿತು, ನಮ್ಮಲ್ಲಿ ಪುಷ್ಕರಣಿಯಾಗಿ ಉಳಿಯಿತು. ಮೀನೇ ಯಾಕೆ ಅಂದರೆ ಬನಾರಸ್ ಸಂಸ್ಥಾನದ ಲಾಂಛನದಲ್ಲಿ ಮೀನುಗಳಿದ್ದವು. ಆಕ್ಸ್‌ಫರ್ಡ್‌ಶೈರ್‌ನ ಹಳ್ಳಿಯಲ್ಲಿ ನಿಂತು ಒಂದು ಬೋರ್ಡು ಓದಿ, ಪಕ್ಕದಲ್ಲಿರುವ ಇಂಗ್ಲಿಷರಿಗೆ ಅದರ ಅರ್ಥವನ್ನು ನಮ್ಮ ಮಕ್ಕಳು ಬಿಡಿಸಿ ಹೇಳುವ ಅವಕಾಶ ಎಷ್ಟು ಕಡೆ ಸಿಗುತ್ತದೆ?

ಈಗ ನೀರು ಸೇದೋಣ. 9 ಗ್ಯಾಲನ್‌ನ ಬಕೆಟ್ಟು, ಅಂದರೆ ಸುಮಾರು 41 ಲೀಟರ್. ಹಿಡಿ ತಿರುಗಿಸುತ್ತ ಅದನ್ನು ತಳದಿಂದ ಮೇಲಕ್ಕೆ ತರಲು ಹತ್ತು ನಿಮಿಷ. ಊರ ಬಾವಿಯಲ್ಲಿ ರಾಟೆಗೆ ಹಗ್ಗ ಹಾಕಿ ‘ಕಿರ್ರ್’ ಎಂದು ಎರಡು ನಿಮಿಷದಲ್ಲಿ ಕೊಡ ಎಳೆದವರಿಗೆ ಇದು ಯಾವ ಲೆಕ್ಕದ ಶ್ರಮ ಎಂದು ಗೊತ್ತಾಗುತ್ತದೆ. ಬಕೆಟ್ಟು ಇಳಿಸುವ ಹೊತ್ತನ್ನು ಸೇರಿಸದೆ, ದಿನಕ್ಕೆ ಹತ್ತು ಗಂಟೆ ಬಿಡದೆ ತಿರುಗಿಸಿದರೂ 60 ಬಕೆಟ್ಟು, ಸುಮಾರು 2,460 ಲೀಟರ್. ಇಂದು ಇಂಗ್ಲೆಂಡಿನಲ್ಲಿ ಒಬ್ಬೊಬ್ಬರೂ ದಿನಕ್ಕೆ ಸುಮಾರು 140 ಲೀಟರ್ ನೀರು ಬಳಸುತ್ತೇವೆ. ಆ ಲೆಕ್ಕದಲ್ಲಿ, ಒಂದು ಇಡೀ ಊರನ್ನು ಸಾಕಿದ ಈ ಬಾವಿಯ ನೀರು ನಮ್ಮಂಥ ಹದಿನೇಳು ಜನಕ್ಕೆ ಸರಿಹೋಗುತ್ತದೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸು ಎಂದು ಅಮ್ಮ ಕೂಗಿದಾಗ ಈ ಹದಿನೇಳನ್ನು ನೆನಪಿಸುವ ಕೆಲಸವನ್ನು ನಾನು ಅಮ್ಮಂದಿರಿಗೇ ಬಿಡುತ್ತೇನೆ.

ಬಾವಿ ಕೊಟ್ಟು ಮಹಾರಾಜರು ಸ್ಟೋಕ್ ರೋ ಮರೆಯಲಿಲ್ಲ. 1871ರಲ್ಲಿ ರಾಣಿಯ ಮಗಳು ಲೂಯಿಸ್‌ಳ ಮದುವೆಯ ನೆಪದಲ್ಲಿ ಊರಿಗೆ ಒಂದು ಕಾಲುದಾರಿ ಮಾಡಿಸಿಕೊಟ್ಟರು. 1882ರಲ್ಲಿ ರಾಣಿಯ ಮೇಲೆ ಗುಂಡು ಹಾರಿಸುವ ಪ್ರಯತ್ನ ನಡೆದು ಆಕೆ ಪಾರಾದಾಗ ಹಳ್ಳಿಯವರಿಗೆ ಬ್ರೆಡ್ಡು, ಚಹಾಪುಡಿ, ಸಕ್ಕರೆ ಹಂಚಿಸಿ ಊಟ ಹಾಕಿಸಿದರು. ಕಾಶಿಯ ಖರ್ಚಿನಲ್ಲಿ ಚಿಲ್ಟರ್ನ್‌ನಲ್ಲಿ ಅನ್ನಸಂತರ್ಪಣೆ!

ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಸಿಹಿಯಾದ ಕಥೆ. ಆದರೆ ನಿಮ್ಮಲ್ಲಿ ಕೆಲವರು ಗಮನಿಸಿರುತ್ತೀರಿ. ಗುದ್ದಲಿ ಹಾಕಿದ ದಿನ ರಾಜಕುಮಾರನ ಮದುವೆ, ಒಪ್ಪಿಸಿದ ದಿನ ರಾಣಿಯ ಹುಟ್ಟುಹಬ್ಬ, ಕಾಲುದಾರಿ ರಾಜಕುಮಾರಿಯ ಮದುವೆಗೆ, ಊಟ ರಾಣಿ ಬದುಕುಳಿದಳೆಂದು. ಮಹಾರಾಜರ ಕಣ್ಣು ಬರೀ ಬಾಯಾರಿದ ಹುಡುಗನ ಮೇಲಿರಲಿಲ್ಲ.

ದೊಡ್ಡ ಮಕ್ಕಳಿಗೆ 1857 ಗೊತ್ತು. ಬಾವಿ ತೋಡಲು ಶುರುವಾಗುವ ಆರೇ ವರ್ಷ ಮೊದಲು ಉತ್ತರ ಭಾರತ ಕಂಪನಿಯ ವಿರುದ್ಧ ಎದ್ದಿತ್ತು. ಆ ದಂಗೆಯಲ್ಲಿ ಬನಾರಸಿನ ಮಹಾರಾಜರು ಬ್ರಿಟಿಷರ ಪಕ್ಷದಲ್ಲಿ ನಿಂತರು. ಎಡ್ವರ್ಡ್ ರೀಡ್ ಆಗ ಆಗ್ರಾದಲ್ಲಿದ್ದ. ಆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಕಾಲ್ವಿನ್ 1857ರ ಸೆಪ್ಟೆಂಬರಿನಲ್ಲಿ ಕಾಯಿಲೆಯಿಂದ ಸತ್ತಾಗ ಸ್ವಲ್ಪ ಕಾಲ ಆಡಳಿತದ ಭಾರ ಹೊತ್ತವನು ಇದೇ ರೀಡ್. ಬನಾರಸಿನಲ್ಲಿ ಬ್ರಿಟಿಷ್ ಸೇನೆ ಎಷ್ಟೋ ಜನರನ್ನು ವಿಚಾರಣೆಯೂ ಇಲ್ಲದೆ ಗಲ್ಲಿಗೇರಿಸಿತು. ದಂಗೆ ಅಡಗಿದ ಮೇಲೆ ಯಾರ ಗಾದಿ ಉಳಿಯಬೇಕು, ಯಾರದು ಹೋಗಬೇಕು ಎಂದು ತೀರ್ಮಾನಿಸುವವರು ಲಂಡನ್ನಿನಲ್ಲಿ ಕೂತಿದ್ದರು. ಅಂಥ ಕಾಲದಲ್ಲಿ ಒಬ್ಬ ರಾಜ ಇಂಗ್ಲೆಂಡಿನ ನೆಲದಲ್ಲಿ ತನ್ನ ಹೆಸರಿನ ಮಂಟಪ ನಿಲ್ಲಿಸುವುದು ಬರೀ ಧರ್ಮದ ಕೆಲಸ ಎಂದು ಹೇಳಿದರೆ ಅದು ಅರ್ಧ ಮಾತು.

ಇನ್ನೊಂದು ವಿಷಯವೂ ಇದೆ. ಮಹಾರಾಜರ ಬೊಕ್ಕಸಕ್ಕೆ ಹಣ ಬರುತ್ತಿದ್ದದ್ದು ಅಲ್ಲಿನ ರೈತರ ಕಂದಾಯದಿಂದ. ಚೆರ್‍ರಿ ತೋಟದಲ್ಲಿ ಓಡಾಡುವಾಗ ಅವರ ಹೆಸರು ಎಲ್ಲೂ ಕಾಣುವುದಿಲ್ಲ. ಅವರ ಊರುಗಳಲ್ಲೂ ಬೇಸಿಗೆಯಲ್ಲಿ ಬಾವಿ ಬತ್ತುತ್ತಿತ್ತು. 1860-61ರಲ್ಲಂತೂ ಗಂಗಾ-ಯಮುನಾ ನಡುವಿನ ಬಯಲಿನ ಮೇಲ್ಭಾಗದಲ್ಲಿ ಮಳೆ ಹೋಗಿ ಕ್ಷಾಮ ಬಿದ್ದಿತ್ತು.

ನಮ್ಮ ಮಕ್ಕಳು ಇಲ್ಲಿನ ಪ್ರೈಮರಿ ಶಾಲೆಯಲ್ಲಿ ‘ವಿಕ್ಟೋರಿಯನ್ನರು’ ಎಂಬ ಪಾಠ ಮಾಡಿಕೊಂಡು ಮನೆಗೆ ಬಂದು ‘ಹಾಗಾದರೆ ಅವರು ಒಳ್ಳೆಯವರಾ, ಕೆಟ್ಟವರಾ?’ ಎಂದು ಕೇಳುತ್ತಾರೆ. ಈ ಬಾವಿಯ ವಿಷಯದಲ್ಲೂ ಆ ಪ್ರಶ್ನೆ ಬರುತ್ತದೆ. ರಾಜ ಒಳ್ಳೆಯವನಾ? ರೀಡ್ ಒಳ್ಳೆಯವನಾ? ನನಗನ್ನಿಸುವುದನ್ನು ಹೇಳುತ್ತೇನೆ, ನೀವು ಮನೆಯಲ್ಲಿ ಜಗಳವಾಡಿ. ಮಹಾರಾಜರಿಗೆ ರಾಣಿಯ ಮೆಚ್ಚುಗೆ ಬೇಕಿತ್ತು, ಅದು ಸ್ಪಷ್ಟ. ಆದರೆ ರಾಣಿಯ ಮೆಚ್ಚುಗೆ ಬೇಕಾದವರು ಲಂಡನ್ನಿನಲ್ಲಿ ಅವಳ ಕಣ್ಣಿಗೆ ಬೀಳುವ ಕಡೆ ಏನಾದರೂ ಕಟ್ಟಿಸುತ್ತಾರೆ. ಕಟ್ಟಿಸಿದವರೂ ಇದ್ದಾರೆ. ವಿಜಯನಗರಂ ಮಹಾರಾಜರು 1867ರಲ್ಲಿ ಹೈಡ್ ಪಾರ್ಕಿನಲ್ಲಿ ಕುಡಿಯುವ ನೀರಿನ ಕಾರಂಜಿ ಕಟ್ಟಿಸಿದರು (ನಮ್ಮ ಹಂಪಿಯ ವಿಜಯನಗರವಲ್ಲ, ಆಂಧ್ರದ ಕರಾವಳಿಯ ವಿಜಯನಗರಂ). ಮುಂಬೈಯ ಪಾರ್ಸಿ ವ್ಯಾಪಾರಿ ಕಾವಸ್‌ಜಿ ಜಹಾಂಗೀರ್ ರೆಡಿಮನಿ ಅವರ ಕಾರಂಜಿ 1869ರಿಂದ ರೀಜೆಂಟ್ಸ್ ಪಾರ್ಕಿನಲ್ಲಿದೆ. ‘ರೆಡಿಮನಿ’ ನಿಜವಾದ ಅಡ್ಡಹೆಸರು, ನಾನು ಹುಟ್ಟಿಸಿದ್ದಲ್ಲ! ಆದರೆ ರಾಣಿ ಎಂದೂ ಹಾದು ಹೋಗದ ಗುಡ್ಡದ ಮೇಲೆ, ಬಡ ಮರಗೆಲಸದವರೂ ಕೂಲಿಯವರೂ ಇರುವ ಊರಿನಲ್ಲಿ, 368 ಅಡಿ ಅಗೆಸಿದ್ದು ಬರೀ ಮೆಚ್ಚುಗೆಗಾಗಿ ಎಂದರೆ ಅದೂ ಅರ್ಧ ಮಾತೇ.

ಬಾವಿ ಬಂದ ಮೇಲೆ ಆ ಊರಿನ ಹುಡುಗನೊಬ್ಬ ನೀರು ಕುಡಿದದ್ದಕ್ಕೆ ಪೆಟ್ಟು ತಿನ್ನಬೇಕಾಗಲಿಲ್ಲ. ಸೇದಲು ಹೋಗದೆ ಆಟಕ್ಕೆ ಓಡಿದ್ದಕ್ಕೆ ತಿಂದಿರಬಹುದು.

ಇಪ್ಪತ್ತನೇ ಶತಮಾನದಲ್ಲಿ ಕೊಳಾಯಿ ನೀರು ಬಂತು. ಬಾವಿಗೆ ಬರುವವರು ಕಡಿಮೆಯಾಗಿ, ಕೊನೆಗೆ ನಿಂತೇ ಹೋಯಿತು. ಹಾಗೆಂದು ಊರಿನವರು ಅದನ್ನು ಪಾಳು ಬೀಳಲು ಬಿಡಲಿಲ್ಲ. ಭಾರತ ಸ್ವತಂತ್ರವಾಗಿ, ರಾಜರ ರಾಜ್ಯಗಳೆಲ್ಲ ಹೋದ ಮೇಲೂ ಈ ನಂಟು ಕಡಿಯಲಿಲ್ಲ. 1964ರಲ್ಲಿ ಬಾವಿಗೆ ನೂರು ತುಂಬಿದಾಗ ದುರಸ್ತಿ ಮಾಡಿ, ಬಣ್ಣ ಬಳಿದು ಹಬ್ಬ ಮಾಡಿದರು. ಎಲಿಜಬೆತ್ ರಾಣಿಯ ಗಂಡ ಪ್ರಿನ್ಸ್ ಫಿಲಿಪ್ ಬಂದಿದ್ದರು. ಕಾಶಿಯಿಂದ ತಂದ ಗಂಗಾಜಲವನ್ನು ಬಾವಿಯ ನೀರಿಗೆ ಬೆರೆಸಿದರು. ಬಾವಿಯನ್ನು ಇಂದಿಗೂ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ.

ಹೋಗುವವರಿಗೆ ಒಂದೆರಡು ಮಾತು. ಊರಿನಲ್ಲಿ ರೈಲು ನಿಲ್ದಾಣವಿಲ್ಲ, ಕಾರೇ ಅನುಕೂಲ. ಗುಡ್ಡದ ರಸ್ತೆಗಳು ಕಿರಿದು, ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಹೋಗಬೇಕಾದೀತು, ಆತುರ ಬೇಡ. ನನ್ನ ಕೇಳಿದರೆ ಏಪ್ರಿಲ್ ಒಳ್ಳೆಯ ಕಾಲ, ಚೆರ್‍ರಿ ಹೂ ಬಿಡುವ ಹೊತ್ತು. ಆನೆಯನ್ನು ನೋಡಿದ ಮೇಲೆ ಮಂಟಪದ ಒಳಗೆ ನಿಂತು ಗುಮ್ಮಟವನ್ನು ಕೆಳಗಿನಿಂದಲೂ ನೋಡಿ. ಸೇಂಟ್ ಜಾನ್ ಚರ್ಚು 1846ರದು, ಬಾವಿಗಿಂತ ಹದಿನೆಂಟು ವರ್ಷ ಹಿರಿಯದು. ಅದರ ಗೋಡೆಯಲ್ಲಿ ಕಾಣುವ ಕಪ್ಪು-ಬೂದು ಕಲ್ಲು ನಾನು ಮೊದಲೇ ಹೇಳಿದ ಚಕಮಕಿ ಕಲ್ಲು, ಅಗೆಯುವವನ ಗುದ್ದಲಿಗೆ ತಾಗಿದ್ದು ಇದೇ. ಸುತ್ತಲಿನ ಬೀಚ್ ಕಾಡಿನಲ್ಲಿ ನಡೆಯುವ ದಾರಿಗಳಿವೆ. ಒಂದು ಕಾಲದಲ್ಲಿ ಈ ಕಾಡುಗಳಲ್ಲೇ ಕೂತು ‘ಬಾಡ್ಜರ್’ ಎಂಬ ಕುಶಲಕರ್ಮಿಗಳು ಹಸಿ ಮರ ಕಡೆದು ಕುರ್ಚಿಯ ಕಾಲು ಮಾಡಿ ಹೈ ವಿಕೂಂಬ್‌ನ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಮಳೆ ಬಂದ ಮರುದಿನವಾದರೆ ಬೂಟು ಮರೆಯಬೇಡಿ. ಜೇಡಿಮಣ್ಣು ನೀರನ್ನು ಹಿಡಿದಿಡುತ್ತದೆ ಎಂದೆನಲ್ಲ, ಕಾಲನ್ನೂ ಹಿಡಿಯುತ್ತದೆ.

ಬುತ್ತಿ ಕಟ್ಟಿಕೊಂಡು ಹೋಗುವವರು ಚೆರ್‍ರಿ ತೋಟದಲ್ಲಿ ಕೂತು ತಿನ್ನಬಹುದು. ಚಿತ್ರಾನ್ನ, ಮೊಸರನ್ನ ಎರಡೂ ಈ ಜಾಗಕ್ಕೆ ಹೊಂದುತ್ತವೆ ಎಂಬುದು ನಮ್ಮ ಮನೆಯ ತೀರ್ಪು. ತಟ್ಟೆ-ಲೋಟ, ಸಿಪ್ಪೆ ಎಲ್ಲ ವಾಪಸ್ ಚೀಲಕ್ಕೆ.

ಸಮಯವಿದ್ದರೆ ಹಿಂದಿರುಗುವಾಗ ರೀಡ್‌ನ ಊರಾದ ಇಪ್ಸ್‌ಡನ್ ಕಡೆ ಕಾರು ತಿರುಗಿಸಿ. ಅಲ್ಲಿ ರಸ್ತೆಯ ಬದಿ ಇನ್ನೊಂದು ಬಾವಿಯಿದೆ. ಗುಮ್ಮಟವಿಲ್ಲ, ಆನೆಯಿಲ್ಲ, ಸಾದಾ ಮಾಡು. ಅದೂ ಹೆಚ್ಚುಕಡಿಮೆ ಅದೇ ಕಾಲದ್ದು, ಅದನ್ನು ಕೊಟ್ಟವನೂ ಭಾರತದ ಒಬ್ಬ ರಾಜ, ದೇವ ನಾರಾಯಣ ಸಿಂಗ್. ಗಮನವಿಟ್ಟು ನೋಡದಿದ್ದರೆ ದಾಟಿ ಹೋಗಿಬಿಡುತ್ತೀರಿ, ಆದ್ದರಿಂದ ಹಿಂದಿನ ಸೀಟಿನಲ್ಲಿ ಕೂತವರಿಗೆ ಕಣ್ಣಿಡುವ ಕೆಲಸ. ಮೊದಲು ಕಂಡುಹಿಡಿದವರು ಅದರ ಚಿತ್ರ ಬರೆದು, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಸೇರಿಸಿ ತರಗತಿಗೆ ತನ್ನಿ. ಗೋಡೆಗೆ ಅಂಟಿಸೋಣ.